ಮೆಡಿಕಲ್ ಅಂಗಡಿಯಲ್ಲಿ ರೋಗಿಯ ಗುಟ್ಟು ಕಾಯುವುದು ಹೇಗೆ? ಕೌಂಟರ್ ಹಿಂದೆ ನಿಲ್ಲುವವರಿಗೆ ಸಮಗ್ರ ಮಾರ್ಗದರ್ಶಿ

"ಅವರಿಗಿ ಮೊದ್ಲ ಕೊಡ್ರಿ, ನಂದೇನ್ ಅವಸರ ಇಲ್ಲ."

ಕಲಬುರಗಿಯ ಯಾವ ಮೆಡಿಕಲ್ ಅಂಗಡಿಯಲ್ಲಾದರೂ ಒಂದು ವಾರ ನಿಂತವರಿಗೆ ಈ ಮಾತು ಗೊತ್ತಿರುತ್ತದೆ. ಚೀಟಿಯನ್ನು ಕಿಸೆಯಿಂದ ತೆಗೆಯುವುದಿಲ್ಲ. ಹಿಂದೆ ಬಂದವರನ್ನೆಲ್ಲ ಮುಂದೆ ಬಿಡುತ್ತಾರೆ. ಕೌಂಟರ್ ಖಾಲಿ ಆಗುವವರೆಗೆ ಗೋಡೆಗೆ ಒರಗಿ ನಿಲ್ಲುತ್ತಾರೆ. ಅವರಿಗೆ ಅವಸರ ಇರುತ್ತದೆ. ಜೇವರ್ಗಿಯಿಂದಲೋ ಅಫಜಲಪುರದಿಂದಲೋ ಬಂದವರು, ಸಂಜೆಯ ಬಸ್ ಹಿಡಿಯಬೇಕು. ಆದರೂ ಕಾಯುತ್ತಾರೆ. ಚೀಟಿಯಲ್ಲಿರುವ ಗುಳಿಗೆಯ ಹೆಸರನ್ನು ನಾವು ಎಲ್ಲರ ಮುಂದೆ ಗಟ್ಟಿಯಾಗಿ ಓದಿಬಿಡುತ್ತೇವೆ ಅನ್ನುವ ಭಯ ಅವರಿಗೆ.

ಆ ಭಯ ಸುಳ್ಳಲ್ಲ. ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ನಾನೇ ಹಾಗೆ ಮಾಡಿದ್ದೇನೆ. ಒಳಗಿನ ರ‍್ಯಾಕ್‌ನಿಂದ ಸ್ಟ್ರಿಪ್ ತಂದು, ಮುಂದೆ ಐದಾರು ಜನ ನಿಂತಿರುವಾಗ, "ಟಿಬಿ ಗುಳಿಗಿ ಯಾರದ್ರೀ?" ಅಂತ ಕೂಗಿದೆ. ಒಬ್ಬರು ಕೈ ಎತ್ತಿದರು. ಅವರ ಪಕ್ಕದಲ್ಲೇ ಅವರ ಊರಿನವರು ನಿಂತಿದ್ದರು. ಅವರು ದುಡ್ಡು ಕೊಟ್ಟು ಹೋದರು. ಮುಂದಿನ ತಿಂಗಳು ಬರಲಿಲ್ಲ. ಟಿಬಿ ಔಷಧ ಕಡಿಮೆ ಎಂದರೂ ಆರು ತಿಂಗಳು ತಪ್ಪದೆ ತಗೊಳ್ಳಬೇಕು. ನಡುವೆ ಬಿಟ್ಟರೆ ರೋಗಾಣು ಔಷಧಕ್ಕೆ ಬಗ್ಗದಂತೆ ಬೆಳೆಯಬಹುದು. ಅವರು ಬೇರೆ ಅಂಗಡಿ ಹುಡುಕಿಕೊಂಡರೋ, ಗುಳಿಗೆಯನ್ನೇ ಬಿಟ್ಟರೋ ನನಗೆ ಇವತ್ತಿಗೂ ತಿಳಿದಿಲ್ಲ. ರೋಗಿಯ ಗುಟ್ಟು ಕಾಯುವುದು ಬರೀ ಮರ್ಯಾದೆಯ ಮಾತಲ್ಲ, ಚಿಕಿತ್ಸೆಯ ಭಾಗ ಅಂತ ನನಗೆ ಅರ್ಥವಾಗಿದ್ದು ಅಲ್ಲಿಂದ.

ಈ ಬರಹ ನೋಂದಾಯಿತ ಫಾರ್ಮಸಿಸ್ಟರಿಗೆ ಮಾತ್ರ ಅಲ್ಲ. ಅಂಗಡಿ ಮಾಲೀಕರು, ಬಿಲ್ ಹಾಕುವವರು, ಸ್ಟಾಕ್ ಜೋಡಿಸುವ ಹುಡುಗರು, ಮನೆಗೆ ಔಷಧ ಮುಟ್ಟಿಸುವವರು, ಎಲ್ಲರಿಗೂ.

ಮೊದಲು ಇದು ತಿಳಿದಿರಲಿ: ಗುಳಿಗೆಯ ಹೆಸರೇ ಗುಟ್ಟು

ದವಾಖಾನೆಯಲ್ಲಿ ರೋಗದ ಹೆಸರು ಫೈಲ್ ಒಳಗೆ ಇರುತ್ತದೆ. ನಮ್ಮಲ್ಲಿ ಅದು ಸ್ಟ್ರಿಪ್ ಮೇಲೇ ಇರುತ್ತದೆ. ರಿಫಾಂಪಿಸಿನ್ ಅಂದರೆ ಟಿಬಿ, ಡೊಲುಟೆಗ್ರಾವಿರ್ ಅಂದರೆ ಎಚ್‌ಐವಿ, ಲಿಥಿಯಂ ಅಂದರೆ ಮನಸ್ಸಿನ ಕಾಯಿಲೆ ಅಂತ ಅಂಗಡಿಯ ಹುಡುಗನೂ ಆರು ತಿಂಗಳಲ್ಲಿ ಕಲಿತುಬಿಡುತ್ತಾನೆ.

ಇದರಲ್ಲಿ ಇನ್ನೊಂದು ಅಪಾಯ ಇದೆ. ಊಹೆ ಎಷ್ಟೋ ಸಲ ತಪ್ಪಾಗಿರುತ್ತದೆ. ಸಿಲ್ಡೆನಾಫಿಲ್ ಅಂದ ಕೂಡಲೇ, ಗಂಡಸರ ಲೈಂಗಿಕ ತೊಂದರೆಯ ಗುಳಿಗೆ ಅಂತ, ಹುಡುಗರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಅದೇ ಔಷಧವನ್ನು ಶ್ವಾಸಕೋಶದ ರಕ್ತನಾಳಗಳ ಒತ್ತಡ ಇಳಿಸಲು ಚಿಕ್ಕ ಮಕ್ಕಳಿಗೂ ಬರೆಯುತ್ತಾರೆ. ಎಚ್‌ಐವಿಗೆ ಕೊಡುವ ಟೆನೊಫೊವಿರ್ ಅನ್ನು ಹೆಪಟೈಟಿಸ್ ಬಿ ಇದ್ದವರೂ ತಗೊಳ್ಳುತ್ತಾರೆ. ಖಿನ್ನತೆಯ ಗುಳಿಗೆ ಅಮಿಟ್ರಿಪ್ಟಿಲಿನ್ ಅನ್ನು ನರದ ಉರಿಗೆ, ಮೈಗ್ರೇನ್ ತಲೆನೋವಿಗೂ ಕೊಡುತ್ತಾರೆ. ಅಂದರೆ ಬಾಯಿ ಬಿಟ್ಟವರು ಗುಟ್ಟು ಹೊರಹಾಕುವುದಷ್ಟೇ ಅಲ್ಲ, ಇಲ್ಲದ ರೋಗವನ್ನೂ ಒಬ್ಬರ ತಲೆಗೆ ಕಟ್ಟುತ್ತಾರೆ.

ಕಾನೂನು ಏನು ಹೇಳುತ್ತದೆ

ಆನ್‌ಲೈನ್ ತರಬೇತಿಗಳಲ್ಲಿ 'ಹಿಪಾ' ಅನ್ನುವ ಹೆಸರು ತುಂಬ ಕೇಳಿಬರುತ್ತದೆ. ಅದು 1996ರ ಅಮೆರಿಕದ ಕಾನೂನು. ಅದರ ಫಾರಂ ಇಳಿಸಿಕೊಂಡು ಇಲ್ಲಿನ ಅಂಗಡಿಯ ಗೋಡೆಗೆ ಅಂಟಿಸಿ ಪ್ರಯೋಜನ ಇಲ್ಲ. ನಮಗೆ ನಮ್ಮವೇ ಇವೆ.

ಮುಖ್ಯವಾದದ್ದು ಭಾರತೀಯ ಫಾರ್ಮಸಿ ಪರಿಷತ್ತು 2015ರ ಜನವರಿಯಲ್ಲಿ ಹೊರಡಿಸಿದ ಫಾರ್ಮಸಿ ಪ್ರಾಕ್ಟೀಸ್ ರೆಗ್ಯುಲೇಷನ್ಸ್. ಕೆಲಸದ ನಡುವೆ ತಿಳಿದ ರೋಗಿಯ ಗುಟ್ಟನ್ನು ಫಾರ್ಮಸಿಸ್ಟ್ ಬಿಟ್ಟುಕೊಡಬಾರದು ಅಂತ ಅದರಲ್ಲಿದೆ. ಹೊರತು ಮೂರು: ನ್ಯಾಯಾಧೀಶರ ಆದೇಶ ಇದ್ದಾಗ ಕೋರ್ಟಿನಲ್ಲಿ, ಗುರುತಿಸಬಹುದಾದ ಒಬ್ಬ ವ್ಯಕ್ತಿಗೋ ಸಮುದಾಯಕ್ಕೋ ಗಂಭೀರ ಅಪಾಯ ಇದ್ದಾಗ, ಮತ್ತು ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳಲ್ಲಿ.

ಎಚ್‌ಐವಿ ಬಗ್ಗೆ ಬೇರೆಯೇ ಕಾಯ್ದೆ ಇದೆ. 2017ರಲ್ಲಿ ಪಾಸಾಗಿ 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂತು. ಒಬ್ಬರಿಗೆ ಎಚ್‌ಐವಿ ಇದೆ ಅನ್ನುವ ಮಾತನ್ನು ಅವರ ಒಪ್ಪಿಗೆ ಇಲ್ಲದೆ ಇನ್ನೊಬ್ಬರಿಗೆ ಹೇಳಬಾರದು. ಅಂಥ ದಾಖಲೆ ಇಟ್ಟುಕೊಂಡ ಸಂಸ್ಥೆ ಅದನ್ನು ಜೋಪಾನ ಮಾಡಬೇಕು. ಮಾನಸಿಕ ಕಾಯಿಲೆ ಇರುವವರ ಗುಟ್ಟಿನ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕಾಯುತ್ತದೆ.

ಕಂಪ್ಯೂಟರ್, ಮೊಬೈಲ್‌ನಲ್ಲಿ ಇರುವ ವಿವರಕ್ಕೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಭಾಗಗಳನ್ನು ಪಾಲಿಸಲು 18 ತಿಂಗಳ ಸಮಯ ಕೊಟ್ಟಿದ್ದಾರೆ. ಈ ಕಾಯ್ದೆಯ ಪಠ್ಯದಲ್ಲೇ ಒಂದು ಔಷಧ ಅಂಗಡಿಯ ಉದಾಹರಣೆ ಇದೆ. ಗಿರಾಕಿಯೊಬ್ಬರು ಔಷಧ ಕೊಂಡು, ರಶೀದಿಯನ್ನು ಮೊಬೈಲ್‌ಗೆ ಕಳಿಸಿ ಅಂತ ನಂಬರ್ ಕೊಡುತ್ತಾರೆ. ಅಂಗಡಿಯವರು ಆ ನಂಬರನ್ನು ರಶೀದಿ ಕಳಿಸಲು ಬಳಸಬಹುದು. ರಶೀದಿಗೆ ಕೊಟ್ಟ ನಂಬರ್ ರಶೀದಿಗೆ ಮಾತ್ರ. ಅದಕ್ಕೆ ಹಬ್ಬದ ಆಫರ್ ಕಳಿಸಬೇಕು ಅಂದರೆ ಬೇರೆ ಒಪ್ಪಿಗೆ ಬೇಕು.

ಇಷ್ಟಕ್ಕೆಲ್ಲ ಬುಡದಲ್ಲಿ 2017ರ ಆಗಸ್ಟ್ 24ರ ಸುಪ್ರೀಂ ಕೋರ್ಟ್ ತೀರ್ಪು ಇದೆ. ಖಾಸಗಿತನ ಮೂಲಭೂತ ಹಕ್ಕು ಅಂತ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಕಾನೂನು ಇಷ್ಟು ಸಾಕು. ಇನ್ನು ಕೆಲಸಕ್ಕೆ ಬರೋಣ.

ಹೆಜ್ಜೆ 1: ದನಿ ಇಳಿಸಿ

ನಮ್ಮ ಅಂಗಡಿಗಳಲ್ಲಿ ಗುಟ್ಟು ಹೊರಬೀಳುವುದು ಜಾಸ್ತಿ ಬಾಯಿಂದಲೇ. ಅದೂ ಕೆಟ್ಟ ಮನಸ್ಸಿನಿಂದ ಅಲ್ಲ, ಪ್ರೀತಿಯಿಂದ. "ಕಾಕಾ, ಮನಿಯಾಗ ಯಾರಿಗಿ ಆರಾಮಿಲ್ರಿ?" ಅಂತ ಕೇಳದೆ ಚೀಟಿ ಇಸಿದುಕೊಂಡರೆ ನಮ್ಮ ಕಡೆ ಸೊಕ್ಕು ಅನ್ನುತ್ತಾರೆ. ಆದರೆ ಆ ಒಂದು ಪ್ರಶ್ನೆಗೆ ಕಾಕಾ ನಾಲ್ಕು ಜನರ ಮುಂದೆ ಉತ್ತರ ಕೊಡಬೇಕಾಗುತ್ತದೆ. ಮಾತಾಡಿಸಿ, ಖಂಡಿತ ಮಾತಾಡಿಸಿ. ಮಳೆ ಕೇಳಿ, ತೊಗರಿ ಕೇಳಿ, ಊರಿನ ಜಾತ್ರೆ ಕೇಳಿ. ಕಾಯಿಲೆಯ ಮಾತು ಕೌಂಟರ್ ಮುಂದೆ ಜನ ಇರುವಾಗ ಬೇಡ.

ರೂಢಿ ಮಾಡಿಕೊಳ್ಳಬೇಕಾದವು ಇವು. ಚೀಟಿಯನ್ನು ಕಣ್ಣಲ್ಲೇ ಓದಿ. ಅಕ್ಷರ ತಿಳಿಯದಿದ್ದರೆ ಚೀಟಿಯನ್ನು ಸಹೋದ್ಯೋಗಿಯ ಮುಂದೆ ಹಿಡಿದು ಬೆರಳಿಟ್ಟು ತೋರಿಸಿ, ಕೂಗಬೇಡಿ. ಒಳಗಿನವರಿಂದ ಔಷಧ ತರಿಸಬೇಕಾದರೆ ಚೀಟಿಯನ್ನೇ ಒಳಗೆ ಕೊಡಿ. ಜನರನ್ನು ಕರೆಯುವಾಗ ಗುಳಿಗೆಯ ಹೆಸರಿನಿಂದ ಕರೆಯಬೇಡಿ. ಗದ್ದಲ ಜಾಸ್ತಿ ಇರುವ ಅಂಗಡಿಯಲ್ಲಿ ಟೋಕನ್ ನಂಬರ್ ಒಳ್ಳೆಯದು. ಸಣ್ಣ ಅಂಗಡಿಯಲ್ಲಿ "ಅಕ್ಕಾ, ನಿಮ್ಮದು ಆಯ್ತು ಬರ್ರಿ" ಅಂದರೆ ಸಾಕು. ಔಷಧ ಸಿಗದಿದ್ದರೆ "ಇದು ನಮ್ಮಲ್ಲಿ ಮುಗದದ, ನಾಳಿಗಿ ತರಿಸ್ತೀನಿ" ಅನ್ನಿ. 'ಇದು' ಅಂದರೆ ಏನು ಅಂತ ಕೇಳುವವರಿಗೂ ಗೊತ್ತು, ಹೇಳುವವರಿಗೂ ಗೊತ್ತು.

ಭಾಷೆಯ ಬಗ್ಗೆ ಒಂದು ಮಾತು. ಗಿರಾಕಿಯ ಜೊತೆ ಉರ್ದುವಿನಲ್ಲಿ ಮಾತಾಡಿದರೆ ಪಕ್ಕದವರಿಗೆ ತಿಳಿಯಲ್ಲ ಅಂತ ಕೆಲವರು ಅಂದುಕೊಳ್ಳುತ್ತಾರೆ. ಕಲಬುರಗಿಯಲ್ಲಿ ಅದು ನಡೆಯುವುದಿಲ್ಲ. ಇಲ್ಲಿ ಕನ್ನಡದವರಿಗೆ ಉರ್ದು ಬರುತ್ತದೆ, ಆಳಂದದವರಿಗೆ ಮರಾಠಿ, ಸೇಡಂನವರಿಗೆ ತೆಲುಗು. ಯಾವ ಭಾಷೆಯಲ್ಲಿ ಹೇಳಿದರೂ ಮೆಲ್ಲಗೆ ಹೇಳಿ. ತಾಂಡಾದಿಂದ ಬಂದ ತಾಯಿಗೆ ಲಂಬಾಣಿ ಬಿಟ್ಟು ಬೇರೆ ಭಾಷೆ ಸರಿಯಾಗಿ ತಿಳಿಯದಿದ್ದರೆ, ಸಾಲಿನಲ್ಲಿ ನಿಂತ ಯಾರನ್ನೋ ಕರೆದು "ಇವರಿಗಿ ಸ್ವಲ್ಪ ಹೇಳ್ರಿ" ಅನ್ನಬೇಡಿ. ಜೊತೆಗೆ ಬಂದವರು ಯಾರಾದರೂ ಇದ್ದಾರಾ, ಫೋನ್‌ನಲ್ಲಿ ಯಾರ ಹತ್ತಿರ ಮಾತಾಡಲಿ ಅಂತ ಅವರನ್ನೇ ಕೇಳಿ. ಆಯ್ಕೆ ಅವರದಾಗಿರಲಿ.

ಹೆಜ್ಜೆ 2: ಹೇಳಲೇಬೇಕಾದದ್ದಕ್ಕೆ ಒಂದು ಮೂಲೆ ಮಾಡಿ

ಗುಟ್ಟು ಕಾಯಬೇಕು ಅಂತ ಸುಮ್ನೆ ಸ್ಟ್ರಿಪ್ ಕೈಗಿಟ್ಟು ಕಳಿಸುವುದೂ ತಪ್ಪು. ಔಷಧ ಹೇಗೆ ತಗೊಳ್ಳಬೇಕು ಅಂತ ತಿಳಿಹೇಳುವುದು ನಮ್ಮ ಕರ್ತವ್ಯ. ಅಕ್ಷರ ಬಾರದ ಅಜ್ಜಿಗೆ, ಕಿವಿ ಮಂದ ಇರುವ ಅಜ್ಜನಿಗೆ ಗಟ್ಟಿಯಾಗಿ ಹೇಳದೆ ಬೇರೆ ದಾರಿ ಇಲ್ಲ ಅಂತ ಅನಿಸುತ್ತದೆ. ಇದೆ.

ಕೌಂಟರ್‌ನ ಒಂದು ತುದಿಯಲ್ಲಿ, ಬಾಗಿಲಿನಿಂದ ದೂರ ಇರುವ ಕಡೆ, ಒಂದು ಸ್ಟೂಲ್ ಹಾಕಿ. ನಡುವೆ ಔಷಧ ಕಂಪನಿಯ ಖಾಲಿ ಪೆಟ್ಟಿಗೆಗಳನ್ನು ಪೇರಿಸಿದರೂ ಮರೆ ಆಗುತ್ತದೆ. ಜಾಸ್ತಿ ಹೇಳುವುದಿದ್ದವರನ್ನು ಅಲ್ಲಿ ಕೂಡಿಸಿ. ಎಲ್ಲರನ್ನೂ ಅಲ್ಲಿಗೆ ಕರೆಯುವುದು ಒಳ್ಳೆಯದು, ಬಿಪಿ ಗುಳಿಗೆಯವರನ್ನೂ ಸೇರಿಸಿ. ಬರೀ ಟಿಬಿ, ಎಚ್‌ಐವಿ ಇದ್ದವರನ್ನು ಮಾತ್ರ ಕರೆದರೆ ಆ ಸ್ಟೂಲೇ ಚಾಡಿ ಹೇಳುತ್ತದೆ.

ಓದಲು ಬಾರದವರಿಗೆ ಪಾಕೀಟಿನ ಮೇಲೆ ಚಿತ್ರ ಬರೆಯಿರಿ. ಬೆಳಗ್ಗೆಗೆ ಅರ್ಧ ಸೂರ್ಯ, ಮಧ್ಯಾಹ್ನಕ್ಕೆ ಪೂರ್ತಿ ಸೂರ್ಯ, ರಾತ್ರಿಗೆ ಚಂದ್ರ. ಊಟಕ್ಕೆ ಮುಂಚೆ ಅಂದರೆ ಖಾಲಿ ತಟ್ಟೆ, ಊಟ ಆದ ಮೇಲೆ ಅಂದರೆ ರೊಟ್ಟಿ ಇರುವ ತಟ್ಟೆ. ಹೀಗೆ ಬರೆದುಕೊಟ್ಟರೆ ಅರ್ಧ ಮಾತು ಬಾಯಿಂದ ಆಡುವುದೇ ಬೇಡ. ಕಿವಿ ಕೇಳದವರಿಗೆ ಇದಕ್ಕಿಂತ ಒಳ್ಳೆಯ ಉಪಾಯ ನಾನು ಕಂಡಿಲ್ಲ.

ಔಷಧವನ್ನು ಒಳಗಿರುವುದು ಕಾಣದ ಕಾಗದದ ಪಾಕೀಟಿನಲ್ಲಿ ಕೊಡಿ. ಇದೂ ಎಲ್ಲರಿಗೂ ಒಂದೇ ರೀತಿ ಇರಲಿ. ಕಂಪ್ಯೂಟರ್ ಪರದೆ ಗಿರಾಕಿಗಳ ಕಡೆ ತಿರುಗಿರಬಾರದು. ಸಿಸಿ ಕ್ಯಾಮೆರಾ ಗಲ್ಲಾ ಪೆಟ್ಟಿಗೆ ನೋಡಲಿ, ಚೀಟಿ ಓದುವಷ್ಟು ಹತ್ತಿರ ಬೇಡ.

ದವಾಖಾನೆಗಳ ಎದುರು ಅಂಗಡಿ ಇರುವವರು ಇನ್ನೂ ಹುಷಾರಾಗಿರಬೇಕು. ನಗರದಲ್ಲಿ ಸರ್ಕಾರಿ ದವಾಖಾನೆ ಜಿಮ್ಸ್ ಇದೆ, ಹೃದಯದ ಜಯದೇವ ಇದೆ, ಕ್ಯಾನ್ಸರ್‌ನ ಕಿದ್ವಾಯಿ ಕೇಂದ್ರ ಇದೆ. ಕಿದ್ವಾಯಿಯ ಫೈಲ್ ಕೈಯಲ್ಲಿ ಹಿಡಿದು ಬಂದವರಿಗೆ ಯಾವ ರೋಗ ಅಂತ ನೋಡಿದವರಿಗೆಲ್ಲ ತಿಳಿಯುತ್ತದೆ. ಆ ಫೈಲನ್ನು ಕೌಂಟರ್ ಮೇಲೆ ಬಿಚ್ಚಿ ಹರಡಬೇಡಿ. ಬೇಕಾದ ಹಾಳೆ ಒಂದನ್ನೇ ತೆಗೆದುಕೊಂಡು, ಫೈಲ್ ಮುಚ್ಚಿ ಅವರ ಕೈಗೆ ಕೊಡಿ.

ಹೆಜ್ಜೆ 3: ಚೀಟಿ ತಂದವರು ಯಾರು ಅಂತ ನೋಡಿ

ನಮ್ಮ ಕಡೆ ರೋಗಿ ತಾನೇ ಬರುವುದು ಕಡಿಮೆ. ಮಗ ಬರುತ್ತಾನೆ, ಅಳಿಯ ಬರುತ್ತಾನೆ, ಊರಿಗೆ ಹೊರಟ ಪಕ್ಕದ ಮನೆಯವರ ಕೈಯಲ್ಲಿ ಚೀಟಿ ಬರುತ್ತದೆ. ಅವರು ಕೇಳುವ ಮೊದಲ ಪ್ರಶ್ನೆ ಒಂದೇ: "ಇದು ಯಾತಕ್ಕ ಗುಳಿಗಿ ರೀ?"

ಚೀಟಿ ಕೈಯಲ್ಲಿದೆ ಅಂದ ಮಾತ್ರಕ್ಕೆ ರೋಗದ ಹೆಸರು ತಿಳಿಯುವ ಹಕ್ಕು ಬರುವುದಿಲ್ಲ. ಔಷಧ ಕೊಡಿ. ಎಷ್ಟು, ಯಾವಾಗ, ಏನು ತಿನ್ನಬಾರದು ಅಂತ ಹೇಳಿ. ರೋಗದ ಹೆಸರಿಗೆ ಬಂದಾಗ ನಾನು ಹೀಗೆ ಹೇಳುತ್ತೇನೆ: "ಡಾಕ್ಟರ್ ಅವರಿಗಿ ಹೇಳ್ಯಾರ್ರಿ. ಹೆಂಗ ತಗೋಬೇಕು ಅಂತ ನಾ ಹೇಳ್ತೀನಿ." ಸುಳ್ಳು ಹೇಳಬೇಡಿ. ಶಕ್ತಿ ಗುಳಿಗೆ ಅಂತ ಹೇಳಿಬಿಟ್ಟರೆ ಮನೆಯವರು ಇದೇನು ದೊಡ್ಡದಲ್ಲ ಅಂತ ನಿಲ್ಲಿಸಿಬಿಡಬಹುದು.

ಮುಂದಿನದು ನಿಜಕ್ಕೂ ಕಷ್ಟದ್ದು. ಗಂಡ ಬಂದು ಹೆಂಡತಿ ನಿನ್ನೆ ಏನು ತಗೊಂಡಳು ಅಂತ ಕೇಳುತ್ತಾನೆ. ಅತ್ತೆ ಬಂದು ಸೊಸೆ ಮಕ್ಕಳಾಗದಿರುವ ಗುಳಿಗೆ ಒಯ್ದಳಾ ಅನ್ನುತ್ತಾರೆ. ಅಪ್ಪ ಬಂದು ಕಾಲೇಜಿಗೆ ಹೋಗುವ ಮಗಳ ಬಗ್ಗೆ ಕೇಳುತ್ತಾರೆ. ಇವರೆಲ್ಲ ನಮಗೆ ಗೊತ್ತಿರುವವರು. ಎಷ್ಟೋ ಸಲ ಹಿರಿಯರು, ಎದುರು ಮಾತಾಡುವುದು ಕಷ್ಟ. ಆದರೆ 18 ದಾಟಿದವರ ಔಷಧ ಅವರದ್ದೇ ವಿಷಯ. ಮದುವೆ ಆಗಿದ್ದರಿಂದ ಅದು ಗಂಡನ ವಿಷಯ ಆಗುವುದಿಲ್ಲ. "ಮಾಮಾ, ನಿಮ್ಮದು ಯಾರರೆ ಬಂದು ಕೇಳಿದ್ರೂ ನಾ ಹೇಳಂಗಿಲ್ಲ. ಅವರದೂ ಹಂಗೇ" ಅಂತ ಹೇಳಿ. ಈ ಮಾತಿಗೆ ಕೋಪ ಮಾಡಿಕೊಂಡು ಹೋದವರು ತಮ್ಮ ಚೀಟಿ ಹಿಡಿದು ನನ್ನ ಅಂಗಡಿಗೇ ಮರಳಿ ಬಂದಿದ್ದಾರೆ. "ಬಂದಿದ್ದಳು" ಅಂತಲೂ ಹೇಳಬೇಡಿ, "ಬಂದಿಲ್ಲ" ಅಂತಲೂ ಹೇಳಬೇಡಿ. ಒಬ್ಬರ ವಿಷಯದಲ್ಲಿ ಇಲ್ಲ ಅಂದು ಇನ್ನೊಬ್ಬರ ವಿಷಯದಲ್ಲಿ ಸುಮ್ಮನಿದ್ದರೆ ಆ ಮೌನವೇ ಉತ್ತರ ಆಗಿಬಿಡುತ್ತದೆ.

ಗರ್ಭ ತಡೆಯುವ ತುರ್ತು ಗುಳಿಗೆ, ಕಾಂಡೋಮ್, ಗರ್ಭ ಪರೀಕ್ಷೆಯ ಕಿಟ್. ಇವಕ್ಕೆ ಚೀಟಿ ಬೇಡ. ಹೆಸರು ಕೇಳಬೇಡಿ, ಮದುವೆ ಆಗಿದೆಯಾ ಅಂತ ಕೇಳಲೇಬೇಡಿ. ಗರ್ಭಪಾತದ ಔಷಧ ಬೇರೆ. ಅದಕ್ಕೆ ವೈದ್ಯರ ಚೀಟಿ ಬೇಕೇ ಬೇಕು. ಚೀಟಿ ಇಲ್ಲದೆ ಬಂದವರನ್ನು ಗದರಿಸಿ ಕಳಿಸುವ ಬದಲು ಯಾವ ದವಾಖಾನೆಗೆ ಹೋಗಬೇಕು ಅಂತ ಮೆಲ್ಲಗೆ ಹೇಳಿ. ಗರ್ಭಪಾತ ಮಾಡಿಸಿಕೊಂಡವರ ಹೆಸರು ಹೊರಹಾಕಿದ ವೈದ್ಯರಿಗೆ ಒಂದು ವರ್ಷದವರೆಗೆ ಜೈಲು ಆಗಬಹುದು ಅಂತ ವೈದ್ಯಕೀಯ ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿ ಹೇಳುತ್ತದೆ. ಆ ವೈದ್ಯರ ಚೀಟಿ ನಮ್ಮ ಕೈಗೆ ಬಂದಾಗ ನಾವೂ ಅಷ್ಟೇ ಬಿಗಿಯಾಗಿ ಇರಬೇಕು ಅಲ್ವಾ?

ಹೆಜ್ಜೆ 4: ರಿಜಿಸ್ಟರ್ ಮತ್ತು ಉದ್ರಿ ಪುಸ್ತಕ

ಶೆಡ್ಯೂಲ್ ಎಚ್1 ಅಂದರೆ ವೈದ್ಯರ ಚೀಟಿ ನೋಡಿಯೇ ಕೊಟ್ಟು, ಕೊಟ್ಟದ್ದನ್ನು ಬರೆದಿಡಬೇಕಾದ ಔಷಧಗಳ ಪಟ್ಟಿ. ಅದರ ರಿಜಿಸ್ಟರ್ ಅಂಗಡಿಯ ಅತಿ ಸೂಕ್ಷ್ಮವಾದ ಪುಸ್ತಕ. 2014ರ ಮಾರ್ಚ್ 1ರಿಂದ ಈ ಪಟ್ಟಿ ಜಾರಿಯಲ್ಲಿದೆ. ಆರಂಭದಲ್ಲೇ 46 ಔಷಧಗಳು ಇದ್ದವು. ಟಿಬಿ ಔಷಧಗಳು, ನಿದ್ದೆ ಗುಳಿಗೆ, ಆಲ್ಪ್ರಜೋಲಂನಂಥ ಆತಂಕದ ಗುಳಿಗೆ, ಕೆಲವು ಬಲವಾದ ಆಂಟಿಬಯೋಟಿಕ್. ವೈದ್ಯರ ಹೆಸರು ವಿಳಾಸ, ರೋಗಿಯ ಹೆಸರು, ಔಷಧ, ಎಷ್ಟು ಕೊಟ್ಟಿರಿ ಅಂತ ಕೊಡುವಾಗಲೇ ಬರೆಯಬೇಕು. ಮೂರು ವರ್ಷ ಇಡಬೇಕು. ಈಗ ಯೋಚಿಸಿ. ಊರಲ್ಲಿ ಯಾರಿಗೆ ಟಿಬಿ, ಯಾರಿಗೆ ನಿದ್ದೆ ಬರುತ್ತಿಲ್ಲ ಅನ್ನುವ ಪಟ್ಟಿ ಅದು. ಎಷ್ಟೋ ಅಂಗಡಿಗಳಲ್ಲಿ ಅದು ಕೌಂಟರ್ ಮೇಲೆ ಬಿಚ್ಚಿಕೊಂಡು, ಫ್ಯಾನ್ ಗಾಳಿಗೆ ಹಾಳೆ ಹಾರುತ್ತ ಬಿದ್ದಿರುತ್ತದೆ.

ಬರೆದ ಕೂಡಲೇ ಮುಚ್ಚಿ ಡ್ರಾಯರ್‌ಗೆ ಹಾಕಿ. ರಾತ್ರಿ ಬೀಗ ಹಾಕಿ. ಗಿರಾಕಿಗಳ ಕೈಗೆ ಪುಸ್ತಕ ಕೊಟ್ಟು "ನಿಮ್ಮ ಹೆಸರು ನೀವೇ ಬರೀರಿ" ಅನ್ನಬೇಡಿ. ಮೇಲಿನ ಸಾಲುಗಳಲ್ಲಿ ಇನ್ನೊಬ್ಬರ ಹೆಸರು ಇರುತ್ತದೆ. ಇನ್ನೂ ಬಿಗಿ ನಿಯಂತ್ರಣ ಇರುವ ಶೆಡ್ಯೂಲ್ ಎಕ್ಸ್ ಔಷಧದ ಚೀಟಿಯ ಒಂದು ಪ್ರತಿಯನ್ನು ಎರಡು ವರ್ಷ ಇಡಬೇಕು. ಅದೂ ಬೀಗದ ಒಳಗೇ ಇರಲಿ. 2015ರ ನಿಯಮಗಳು ರೋಗಿಗಳ ಚೀಟಿಯ ದಾಖಲೆಯನ್ನು ಐದು ವರ್ಷ ಇಡಿ ಅನ್ನುತ್ತವೆ. ರೋಗಿಯೇ ತನ್ನ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಗುಟ್ಟು ಕಾಯುವುದು ಅಂದರೆ ಅವರ ವಿಷಯವನ್ನು ಅವರಿಗೇ ಬಚ್ಚಿಡುವುದಲ್ಲ.

ಇನ್ನು ಉದ್ರಿ. ತೊಗರಿ ಮಾರಿದ ಮೇಲೆ ಕೊಡುತ್ತೇನೆ ಅಂತ ಹೇಳುವ ರೈತರಿಗೆ ಉದ್ರಿ ಕೊಡದ ಅಂಗಡಿ ನಮ್ಮಲ್ಲಿ ಕಡಿಮೆ. ಆ ಪುಸ್ತಕದಲ್ಲಿ ಹೆಸರಿನ ಮುಂದೆ ಔಷಧದ ಹೆಸರು ಬರೆಯಬೇಡಿ. ಬಿಲ್ ನಂಬರ್, ತಾರೀಖು, ರೊಕ್ಕ ಸಾಕು. ಬಾಕಿ ಕೇಳಲು ಮನೆಗೆ ಹುಡುಗನನ್ನು ಕಳಿಸಿದರೆ ಅವನ ಕೈಯಲ್ಲಿ ಬರೀ ಮೊತ್ತದ ಚೀಟಿ ಇರಲಿ.

ಹೆಜ್ಜೆ 5: ವಾಟ್ಸ್ಆ್ಯಪ್

ಈಗ ಅರ್ಧ ಚೀಟಿಗಳು ಫೋಟೋ ಆಗಿ ಬರುತ್ತವೆ. ಫೋಟೋ ಬಂದ ಕೂಡಲೇ ಅದು ಫೋನಿನ ಗ್ಯಾಲರಿಗೆ ಹೋಗಿ ಕೂರುತ್ತದೆ. ಆ ಫೋನ್ ಅಂಗಡಿ ಹುಡುಗನದ್ದಾದರೆ, ರಾತ್ರಿ ಮನೆಯಲ್ಲಿ ಅವನ ತಮ್ಮ ಕ್ರಿಕೆಟ್ ವಿಡಿಯೋ ಹುಡುಕುತ್ತ ಯಾರದೋ ಚೀಟಿ ನೋಡುತ್ತಾನೆ.

ಅಂಗಡಿಗೆ ಬೇರೆಯೇ ಫೋನ್, ಬೇರೆಯೇ ನಂಬರ್ ಇರಲಿ. ರಾತ್ರಿ ಅದು ಅಂಗಡಿಯಲ್ಲೇ ಬೀಗದೊಳಗೆ ಉಳಿಯಲಿ. ಲಾಕ್ ಹಾಕಿ. ವಾಟ್ಸ್ಆ್ಯಪ್ ಸೆಟ್ಟಿಂಗ್‌ಗೆ ಹೋಗಿ ಫೋಟೋಗಳು ತಾವಾಗಿ ಡೌನ್‌ಲೋಡ್ ಆಗುವುದನ್ನೂ ಗ್ಯಾಲರಿಯಲ್ಲಿ ಕಾಣುವುದನ್ನೂ ನಿಲ್ಲಿಸಿ. ಕಂಪ್ಯೂಟರ್‌ನಲ್ಲಿ ವಾಟ್ಸ್ಆ್ಯಪ್ ತೆರೆದಿದ್ದರೆ ಅಂಗಡಿ ಮುಚ್ಚುವಾಗ ಲಾಗ್ ಔಟ್ ಮಾಡಿ. ಕೆಲಸ ಬಿಟ್ಟು ಹೋದವರ ಫೋನ್ ಇನ್ನೂ ಜೋಡಿಕೊಂಡಿದೆಯಾ ಅಂತ ಲಿಂಕ್ ಆದ ಸಾಧನಗಳ ಪಟ್ಟಿಯಲ್ಲಿ ನೋಡಿ. ಕಾನೂನು ಇಡಲು ಹೇಳಿದ ದಾಖಲೆಯನ್ನು ಬಿಲ್ಲಿಂಗ್ ವ್ಯವಸ್ಥೆಗೆ ಸೇರಿಸಿದ ಮೇಲೆ ಚಾಟ್‌ನಲ್ಲಿರುವ ಫೋಟೋ ಅಳಿಸಿ. ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ಎಲ್ಲರೂ ಒಂದೇ ಪಾಸ್‌ವರ್ಡ್ ಬಳಸಬೇಡಿ, ಅದನ್ನು ಮಾನಿಟರ್‌ಗೆ ಅಂಟಿಸಬೇಡಿ.

ವ್ಯಾಪಾರಿಗಳ ಗುಂಪುಗಳ ಬಗ್ಗೆ ಬೇರೆಯಾಗಿ ಹೇಳಬೇಕು. ಸ್ಟಾಕ್ ಇಲ್ಲದಿದ್ದಾಗ ಇಡೀ ಚೀಟಿಯ ಫೋಟೋ ಹಾಕಿ "ಯಾರ ಹತ್ರ ಅದ?" ಅಂತ ಕೇಳುವ ಚಾಳಿ ಇದೆ. ಮೇಲೆ ರೋಗಿಯ ಹೆಸರು, ವಯಸ್ಸು, ಊರು ಎಲ್ಲ ಇರುತ್ತದೆ. ನೂರಾರು ಜನರ ಗುಂಪು ಅದು. ಔಷಧದ ಹೆಸರು ಟೈಪ್ ಮಾಡಿ ಕೇಳಿ. ಫೋಟೋ ಹಾಕಲೇಬೇಕಾದರೆ ಆ ಒಂದು ಸಾಲನ್ನು ಮಾತ್ರ ಕತ್ತರಿಸಿ ಹಾಕಿ. ಕೆಟ್ಟ ಕೈಬರಹದ ಚೀಟಿ ಅಂತ ತಮಾಷೆಗೆ ಹಂಚುವುದೂ ಇದೇ ತಪ್ಪು.

ಫೋನ್ ಮಾಡುವಾಗ ಮೊದಲು ಯಾರು ಮಾತಾಡುತ್ತಿದ್ದಾರೆ ಅಂತ ಖಚಿತ ಮಾಡಿಕೊಳ್ಳಿ. ಬೇರೆಯವರು ಎತ್ತಿದರೆ "ಮೆಡಿಕಲ್‌ದಿಂದ ರೀ, ಅವರಿಗಿ ಒಂದ್ ಫೋನ್ ಮಾಡ್ಲಿಕ್ಕ ಹೇಳ್ರಿ" ಅಷ್ಟೇ.

ಹೆಜ್ಜೆ 6: ಯಾರಿಗೆ ಹೇಳಬೇಕು, ಯಾರಿಗೆ ಬೇಡ

ಟಿಬಿ. 2018ರ ಮಾರ್ಚ್‌ನ ಕೇಂದ್ರ ಸರ್ಕಾರದ ಅಧಿಸೂಚನೆ ಪ್ರಕಾರ ಟಿಬಿ ಔಷಧ ಕೊಟ್ಟ ಮೆಡಿಕಲ್ ಅಂಗಡಿಯೂ ಅದನ್ನು ಸರ್ಕಾರದ ಟಿಬಿ ವಿಭಾಗಕ್ಕೆ ತಿಳಿಸಬೇಕು. ರೋಗಿಯ ಒಪ್ಪಿಗೆ ಬೇಕಿಲ್ಲ. ಆದರೆ ರೋಗಿಗೆ ಹೇಳಿಯೇ ಮಾಡಿ: "ಸರ್ಕಾರಕ್ಕ ತಿಳಿಸ್ಬೇಕ್ರಿ, ಇದು ನಿಯಮ. ಊರಾಗ ಯಾರಿಗೂ ಹೇಳಂಗಿಲ್ಲ. ನಿಮಗ ಪೌಷ್ಟಿಕ ಆಹಾರಕ್ಕ ರೊಕ್ಕಾನೂ ಬರ್ತದ." ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರ್‌ನಿಂದ 1000 ಆಗಿದೆ. ಮಾಹಿತಿ ಹೋಗಬೇಕಾದದ್ದು ಟಿಬಿ ವಿಭಾಗಕ್ಕೆ ಮಾತ್ರ. ಊರಿನ ಮುಖಂಡರಿಗಲ್ಲ, ರೋಗಿ ಕೆಲಸ ಮಾಡುವ ಕಡೆಯವರಿಗೂ ಅಲ್ಲ.

ಡ್ರಗ್ ಇನ್ಸ್‌ಪೆಕ್ಟರ್. ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯ ಅಡಿ ರಿಜಿಸ್ಟರ್ ನೋಡುವ ಅಧಿಕಾರ ಅವರಿಗಿದೆ. ಗುರುತಿನ ಚೀಟಿ ನೋಡಿ, ಒಳಗೆ ಕೂಡಿಸಿ, ಅಲ್ಲೇ ತೋರಿಸಿ.

ಪೊಲೀಸರು ಬಂದು ಬಾಯಿಮಾತಿನಲ್ಲಿ ಕೇಳಿದರೆ ಹೆದರಿ ಎಲ್ಲ ಹೇಳಬೇಕಾಗಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಂ ಪ್ರಕಾರ ದಾಖಲೆ ಬೇಕಾದರೆ ಠಾಣಾಧಿಕಾರಿ ಲಿಖಿತ ಆದೇಶ ಕೊಡಬಹುದು, ಕೋರ್ಟ್ ಸಮನ್ಸ್ ಕೊಡಬಹುದು. "ಸಾಹೇಬ್ರ, ಬರದು ಕೊಡ್ರಿ, ಕೂಡಲೇ ಕೊಡ್ತೀನಿ" ಅಂತ ಮರ್ಯಾದೆಯಿಂದ ಕೇಳಿ. ಬರೆದುಕೊಟ್ಟರೆ ಕೇಳಿದಷ್ಟನ್ನು ಮಾತ್ರ ಕೊಡಿ, ಆದೇಶದ ಪ್ರತಿ ಇಟ್ಟುಕೊಳ್ಳಿ.

ಕಂಪನಿಯ ಪ್ರತಿನಿಧಿಗಳು. ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಎಂಆರ್‌ಗಳು ಆರ್‌ಸಿಪಿಎ ಅಂತ ಬರುತ್ತಾರೆ. ಯಾವ ಡಾಕ್ಟರ್ ಯಾವ ಬ್ರಾಂಡ್ ಬರೆಯುತ್ತಾರೆ ಅಂತ ಲೆಕ್ಕ. ಅವರೂ ಹೊಟ್ಟೆಪಾಡಿಗೆ ದುಡಿಯುವವರು, ನಮಗೆ ಗೆಳೆಯರು. ಆದರೆ ಚೀಟಿಯ ಕಟ್ಟನ್ನೇ ಕೊಟ್ಟು "ನೋಡ್ಕೊ" ಅನ್ನುವುದು, ಮೊಬೈಲ್‌ನಲ್ಲಿ ಫೋಟೋ ತೆಗೆಯಲು ಬಿಡುವುದು ತಪ್ಪು. ರೋಗಿ ಆ ಚೀಟಿಯನ್ನು ನಮಗೆ ಕೊಟ್ಟಿದ್ದು ಔಷಧಕ್ಕಾಗಿ. ಯಾವ ಬ್ರಾಂಡ್ ಎಷ್ಟು ಹೋಯಿತು ಅಂತ ಬಾಯಿಮಾತಿನಲ್ಲಿ ಹೇಳಬೇಕೋ ಬೇಡವೋ ನಿಮಗೆ ಬಿಟ್ಟದ್ದು. ಹೆಸರು ಇರುವ ಹಾಳೆ ಅವರ ಕಣ್ಣಿಗೂ ಬೀಳಬಾರದು.

ಸಂಬಂಧ ಕುದುರಿಸುವವರು, ವಿಮೆಯ ಏಜೆಂಟರು, ರೋಗಿಯ ಕಚೇರಿಯವರು, ಇವರಿಗೆ ಏನೂ ಇಲ್ಲ. ಹುಡುಗನ ಕಡೆಯವರು ಬಂದು "ಆ ಮನೆತನ ಹೆಂಗ್ರಿ, ಏನರೆ ಗುಳಿಗಿ ಒಯ್ತಾರೇನು?" ಅಂತ ಕೇಳುವುದು ನಮ್ಮ ಕಡೆ ನಿಜವಾಗಿ ನಡೆಯುತ್ತದೆ. "ನಾ ಅದನ್ನ ಹೇಳಂಗಿಲ್ರಿ" ಅಂದರೆ ಮುಗಿಯಿತು.

ಹೆಜ್ಜೆ 7: ಮನೆಗೆ ಮುಟ್ಟಿಸುವಾಗ

ಪಾಕೀಟಿಗೆ ಪಿನ್ ಹೊಡೆಯಿರಿ. ಬಿಲ್ ಒಳಗೆ ಇರಲಿ, ಹೊರಗೆ ಹೆಸರು, ನಂಬರ್ ಮಾತ್ರ. ಮನೆಯಲ್ಲಿ ಇಲ್ಲದಿದ್ದರೆ ಪಕ್ಕದ ಮನೆಗೆ ಕೊಟ್ಟು ಬರಬಾರದು, ಎಷ್ಟೇ ಬಿಸಿಲಿದ್ದರೂ. ಯಾರ ಕೈಗೆ ಕೊಡಲಿ ಅಂತ ಆರ್ಡರ್ ತಗೊಳ್ಳುವಾಗಲೇ ಕೇಳಿ ಬರೆದುಕೊಂಡರೆ ಹುಡುಗ ಮೇ ತಿಂಗಳ ಉರಿಯಲ್ಲಿ ಎರಡು ಸಲ ಅಲೆಯುವುದು ತಪ್ಪುತ್ತದೆ.

ಹೆಜ್ಜೆ 8: ರದ್ದಿಗೆ ಹಾಕುವ ಮುನ್ನ

ಹಳೆಯ ಚೀಟಿ, ಬಿಲ್ ಪುಸ್ತಕ ರದ್ದಿ ಅಂಗಡಿಗೆ ಹೋದರೆ ಅಲ್ಲಿಂದ ಶೇಂಗಾ ಪೊಟ್ಟಣ ಆಗಿ ಊರೆಲ್ಲ ತಿರುಗುತ್ತದೆ. ಇಡಬೇಕಾದ ಅವಧಿ ಮುಗಿದವನ್ನು ಸಣ್ಣಗೆ ಹರಿದು, ಬಕೆಟ್ ನೀರಲ್ಲಿ ಒಂದು ರಾತ್ರಿ ನೆನೆಸಿ, ಕಲಸಿ ಕಸಕ್ಕೆ ಹಾಕಿ. ಕಾಗದ ಜಾಸ್ತಿ ಇದ್ದರೆ ಹರಿಯುವ ಯಂತ್ರ ಕೊಳ್ಳಿ. ಹಳೆಯ ಕಂಪ್ಯೂಟರ್ ಮಾರುವ ಮುನ್ನ ಹಾರ್ಡ್ ಡಿಸ್ಕ್ ತೆಗೆದಿಟ್ಟುಕೊಳ್ಳಿ. ಒಂದು ಬದಿ ಖಾಲಿ ಇದೆ ಅಂತ ಹಳೆಯ ಚೀಟಿಯ ಹಿಂದೆ ಲೆಕ್ಕ ಬರೆದು ಗಿರಾಕಿಗೆ ಕೊಡಬೇಡಿ.

ಹೆಜ್ಜೆ 9: ಕೆಲಸದ ಹುಡುಗರಿಗೆ ಮೊದಲ ದಿನವೇ

ಫಾರ್ಮಸಿಸ್ಟರಿಗೆ ನೋಂದಣಿ ಕಳೆದುಕೊಳ್ಳುವ ಭಯ ಇರುತ್ತದೆ. ಸಹಾಯಕರಿಗೆ ಅದಿಲ್ಲ. ಹಾಗಾಗಿ ಅವರಿಗೆ ಕಲಿಸುವ ಹೊಣೆ ನಮ್ಮದು. ರ‍್ಯಾಕ್ ತೋರಿಸುವುದಕ್ಕೂ ಮೊದಲು ಇದನ್ನು ಹೇಳಿ. ಕನ್ನಡದಲ್ಲಿ ಒಂದು ಪುಟ ಬರೆದು ಸಹಿ ಮಾಡಿಸಿ: ಅಂಗಡಿಯಲ್ಲಿ ಕಂಡದ್ದನ್ನು ಮನೆಯಲ್ಲಿ, ಚಹಾದ ಅಂಗಡಿಯಲ್ಲಿ, ಫೋನಿನಲ್ಲಿ ಹೇಳುವುದಿಲ್ಲ, ಕೆಲಸ ಬಿಟ್ಟ ಮೇಲೂ ಹೇಳುವುದಿಲ್ಲ. ನಿನ್ನ ತಾಯಿಯ ಚೀಟಿ ಇದಾಗಿದ್ದರೆ ಏನು ಮಾಡುತ್ತಿದ್ದೆ ಅಂತ ಕೇಳಿ. ಹತ್ತೊಂಬತ್ತರ ಹುಡುಗನಿಗೂ ಅದು ಕೂಡಲೇ ತಿಳಿಯುತ್ತದೆ.

ಹೆಜ್ಜೆ 10: ತಪ್ಪಾದರೆ

ತಪ್ಪಾಗುತ್ತದೆ. ಒಬ್ಬರ ಬಿಲ್ ಇನ್ನೊಬ್ಬರ ನಂಬರ್‌ಗೆ ಹೋಗುತ್ತದೆ. ಆಗ ಮೊದಲು ಆ ಮೆಸೇಜನ್ನು ಇಬ್ಬರ ಫೋನಿನಿಂದಲೂ ಅಳಿಯುವಂತೆ ಅಳಿಸಿ. ತಲುಪಿದವರಿಗೆ ಫೋನ್ ಮಾಡಿ, ಬೇರೆಯವರಿಗೆ ಕಳಿಸಬೇಡಿ ಅಂತ ಕೇಳಿಕೊಳ್ಳಿ. ಆಮೇಲೆ, ಎಷ್ಟೇ ಕಷ್ಟ ಆದರೂ, ರೋಗಿಗೆ ನೀವೇ ತಿಳಿಸಿ. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನಿಮ್ಮಿಂದ ಕೇಳುವುದು ಅವರಿಗೆ ಕಡಿಮೆ ನೋವು. ಏನಾಯಿತು, ಯಾವಾಗ, ಏನು ಮಾಡಿದಿರಿ ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಹೊಸ ದತ್ತಾಂಶ ಕಾಯ್ದೆ ಪೂರ್ತಿ ಜಾರಿಗೆ ಬಂದಾಗ ಇಂಥ ಸೋರಿಕೆಯನ್ನು ಆ ವ್ಯಕ್ತಿಗೂ ದತ್ತಾಂಶ ಸಂರಕ್ಷಣಾ ಮಂಡಳಿಗೂ ತಿಳಿಸಲೇಬೇಕು. ಈಗಿನಿಂದಲೇ ರೂಢಿ ಆಗಲಿ.

ತಿಂಗಳಿಗೊಮ್ಮೆ ನಾನು ಮಾಡುವ ಪರೀಕ್ಷೆ ಒಂದಿದೆ. ಸಂಜೆ ಗದ್ದಲದ ಹೊತ್ತಿನಲ್ಲಿ, ಅಂಗಡಿ ಹೊರಗಿನ ಬೆಂಚಿನ ಮೇಲೆ, ನೀರಿನ ಮಡಕೆ ಪಕ್ಕ, ಹತ್ತು ನಿಮಿಷ ಸುಮ್ನೆ ಕುಳಿತುಕೊಳ್ಳುತ್ತೇನೆ. ಒಳಗಿನ ಮಾತು ಏನೇನು ಕೇಳಿಸುತ್ತದೆ ಅಂತ ಬರೆದುಕೊಳ್ಳುತ್ತೇನೆ. ಮೊದಲ ಸಲ ಕುಳಿತಾಗ ಏಳು ಗುಳಿಗೆಯ ಹೆಸರು, ಮೂರು ಜನರ ಹೆಸರು ಕೇಳಿಸಿದ್ದವು. ಕಳೆದ ತಿಂಗಳು ಒಂದು ಕೇಳಿಸಿತು. ಅದನ್ನು ಹೇಳಿದ ಹುಡುಗನನ್ನು ಅಂಗಡಿ ಮುಚ್ಚಿದ ಮೇಲೆ ಅದೇ ಸ್ಟೂಲ್ ಮೇಲೆ ಕೂಡಿಸಿಕೊಂಡು, ಯಾರಿಗೂ ಕೇಳಿಸದ ಹಾಗೆ ಹೇಳಿದೆ.